ಪಹಣಿ ಹಿಡಿದು ಕೆರೆ ದಂಡೆಗೆ: ನನ್ನ ಅನುಭವ

ಕೋಲಾರ ತಾಲೂಕಿನ ನರಸಾಪುರದ ಕಡೆ ನಮ್ಮೂರು. ಕೆರೆಯ ಹಿನ್ನೀರಿಗೆ ಅಂಟಿಕೊಂಡಂತೆ ನನ್ನ 1 ಎಕರೆ 10 ಗುಂಟೆ ಜಮೀನಿದೆ. ನಾನು ಚಿಕ್ಕವನಿದ್ದಾಗ ಆ ಕೆರೆಯಲ್ಲಿ ನೀರು ಕಂಡಿದ್ದಕ್ಕಿಂತ ಜಾಲಿ ಮುಳ್ಳು ಕಂಡಿದ್ದೇ ಜಾಸ್ತಿ. 2018ರಲ್ಲಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬರೋಕೆ ಶುರುವಾಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಬಿಡುವ ನೀರು ಅದು. ಆಮೇಲೆ ನಮ್ಮ ಕೆರೆಯೂ ತುಂಬಿತು. ಹಿನ್ನೀರಲ್ಲಿ ಜೊಂಡು ಎದ್ದಿತು. ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ ಬಂದವು. ಬತ್ತಿದ್ದ ನನ್ನ ಬೋರ್‌ವೆಲ್‌ ಮತ್ತೆ ನೀರು ಕೊಟ್ಟಿತು. ಅದೇ ನೀರು ತಗ್ಗಿನ ಕಡೆ ಜೌಗು ಹಿಡಿಸಿ ನನ್ನ ಟೊಮೇಟೊ ಬೇರನ್ನೂ ಕೊಳೆಸಿತು.

ಕೆಲ ವರ್ಷಗಳ ನಂತರ ಒಂದು ತಂಡ ನಕ್ಷೆ ಹಿಡಿದು ಊರಿಗೆ ಬಂತು. ಹಿನ್ನೀರಿನ ಜೌಗನ್ನು ಉಳಿಸುವ ಯೋಜನೆ ಮಾಡ್ತೀವಿ ಎಂದರು. ಒಳ್ಳೆಯ ಮಾತೇ. ಆದರೆ ನಕ್ಷೆಯಲ್ಲಿ ಒಂದು ನೀಲಿ ಗೆರೆ ನಮ್ಮ ಹೊಲಗಳ ಮೇಲೇ ಹಾದುಹೋಗಿತ್ತು. ಅದರ ಮೇಲೆ ಒಂದು ಸರ್ವೆ ನಂಬರೂ ಇರಲಿಲ್ಲ. ಅವರು ಮುಂದೆ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಹೊಲದ ದೊಡ್ಡಪ್ಪ ಅವತ್ತು ಸಂಜೆ ಅಂದರು: "ಇವತ್ತು ಗೆರೆ ಎಳೀತಾರೆ, ನಾಳೆ ಪಹಣಿ ಕಾಲಂ ಹನ್ನೊಂದರಲ್ಲಿ ಬರೀತಾರೆ. ಆಮೇಲೆ ಯಾವ ಬ್ಯಾಂಕಿನೋನಪ್ಪ ಸಾಲ ಕೊಡೋದು?"

ಪಹಣಿ ಅಂದರೆ ಜಮೀನಿನ ಹಕ್ಕಿನ ದಾಖಲೆ, ಅದರ ಹನ್ನೊಂದನೇ ಕಾಲಂನಲ್ಲಿ ಜಮೀನಿನ ಮೇಲಿರುವ ಬೇರೆ ಹಕ್ಕು, ಋಣ ಬರೆಯುತ್ತಾರೆ. ಇದು ಹಕ್ಕಿಗಳ ಮೇಲಿನ ಸಿಟ್ಟಲ್ಲ. ನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಇಲ್ಲಿ ಜಮೀನೇ ಮನೆಯ ಗಂಟು. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮಾರಬೇಕಾದರೆ ಪಹಣಿಯಲ್ಲಿ ಒಂದು ಸಾಲು ಜಾಸ್ತಿ ಇದ್ದರೂ ಕೊಳ್ಳುವವನು ಹಿಂದೆ ಸರಿಯುತ್ತಾನೆ.

ಸುಮ್ನೆ ಕೂತು ಹೆದರೋದು ಬೇಡ, ಮೊದಲು ಅಳೆಸೋಣ ಅಂದೆ. ಹಳೇ ಅಳತೆಯ ಟಿಪ್ಪಣಿ, ಸರ್ವೆ ನಂಬರಿನ ವಿಸ್ತೀರ್ಣ ತೋರಿಸುವ ಆಕಾರ್‌ಬಂದ್, ಗ್ರಾಮ ನಕ್ಷೆ ತೆಗೆಸಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸೋಕೆ, ಅರ್ಜಿ ಹಾಕಿದೆ. ಭೂಮಾಪಕರು ಬಂದು ಕಲ್ಲು ತೋರಿಸಿದಾಗ ನನ್ನ ಉಳುಮೆಯ 3 ಗುಂಟೆ ಕೆರೆ ಅಂಗಳದ್ದೆಂದು ಗೊತ್ತಾಯಿತು. ಅಪ್ಪನ ಕಾಲದಿಂದ ಉಳುತ್ತಿದ್ದ ನೆಲ. ಹೊಟ್ಟೆ ಉರಿಯಿತು, ಆದರೂ ಬಿಟ್ಟುಕೊಟ್ಟೆ. ಅದನ್ನು ಬಿಡದೆ ಉಳಿದದ್ದು ನಮ್ಮದು ಅಂತ ಗಟ್ಟಿಯಾಗಿ ಹೇಳೋಕೆ ಬಾಯಿ ಬರುತ್ತಿರಲಿಲ್ಲ.

ಆಮೇಲೆ ಕಾನೂನು ಓದಿದೆ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಗಳನ್ನೂ ನೀರಾವರಿಗೆಂದೇ ಜನ ಕಟ್ಟಿದ ಕೆರೆಗಳನ್ನೂ ಜೌಗು ಪ್ರದೇಶದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಜಾಗವನ್ನು ಘೋಷಿಸುವುದಾದರೂ ಅಲ್ಲಿ ಮೊದಲಿನಿಂದ ಇರುವ ಹಕ್ಕುಗಳನ್ನು ದಾಖಲೆಯಲ್ಲಿ ಬರೆಯಬೇಕು, ಕರಡು ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ನಮಗೆ ತಾಗುವುದು ರಾಜ್ಯದ 2014ರ ಕೆರೆ ಕಾಯ್ದೆ. ನಾನು ಓದಿದಾಗ ಕೆರೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಬೇಡ ಎಂದು ಅದರಲ್ಲಿ ಬರೆದಿದ್ದರು. ಕೆರೆ ಕಡೆ ನನ್ನ ಗಡಿಯ ಉದ್ದ 60 ಮೀಟರ್. ಅದನ್ನು 30ರಿಂದ ಗುಣಿಸಿದರೆ 1,800 ಚದರ ಮೀಟರ್. ಗುಂಟೆಗೆ ಸುಮಾರು 101 ಚದರ ಮೀಟರ್ ಅಂದರೆ ಹತ್ತಿರ ಹತ್ತಿರ 18 ಗುಂಟೆ. ನನ್ನ 50 ಗುಂಟೆಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ! ಆ ಲೆಕ್ಕದಲ್ಲಿ ಅಲ್ಲಿ ಮನೆ ಕಟ್ಟೋಕಾಗುತ್ತಿರಲಿಲ್ಲ, ಬೆಳೆ ಇಡಬಹುದಿತ್ತು. ಸಣ್ಣ ರೈತನಿಗೆ ಇದು ಸಣ್ಣ ವಿಷಯ ಅಲ್ಲ. ನಕ್ಷೆ ತರುವವರು ಈ ಲೆಕ್ಕವನ್ನು ತಾವೇ ಮೊದಲು ಹೇಳಬೇಕಿತ್ತು, ಅಲ್ವಾ?

ಈ ಲೆಕ್ಕ ಕೈಯಲ್ಲಿದ್ದದ್ದರಿಂದಲೇ ಅರಳಿಕಟ್ಟೆ ಮಾತು ಮುಂದೆ ಹೋಯಿತು. ಹಿನ್ನೀರಿನ ಏಳು ಮನೆಯವರು ಮೂರು ಭಾನುವಾರ ಕೂತೆವು. ತಂಡದವರನ್ನೂ ಕರೆದೆವು. ಪ್ರತಿ ಸರ್ವೆ ನಂಬರ್‌ಗೂ ಒಂದು ಹಾಳೆ ಮಾಡಿ, ಏನು ಬಿಡ್ತೀವಿ, ಏನು ಬಿಡಲ್ಲ ಅಂತ ಬರೆದೆವು. ನಾನು ಜೌಗು ಹಿಡಿದ 6 ಗುಂಟೆಯಲ್ಲಿ ಜೊಂಡು ಹಾಗೇ ಬಿಡ್ತೀನಿ, ಅಲ್ಲಿಗೆ ಔಷಧಿ ಹೊಡೆಯಲ್ಲ ಎಂದೆ. ಬದುವಿನ ಹೊಂಗೆ ಕಡಿಯುವ ಹಕ್ಕು, ಹಸುವಿಗೆ ಹುಲ್ಲು ಕೊಯ್ಯುವ ಹಕ್ಕು, ಬೋರ್‌ವೆಲ್ ರಿಪೇರಿಗೆ ಗಾಡಿ ಬರುವ ದಾರಿ ನನ್ನವೇ. ಪಹಣಿಯಲ್ಲಿ ಏನೂ ಬರೆಯಬಾರದು. ಮೂರು ವರ್ಷದ ಮಾತು, ಆಮೇಲೆ ಬೇಡ ಅಂದರೆ ಬೇಡ. ಕೇಳದೆ ನಮ್ಮ ಬದುವಿನಲ್ಲಿ ಬೋರ್ಡ್ ನೆಡಬಾರದು ಎಂದು ದೊಡ್ಡಮ್ಮ ಸೇರಿಸಿದರು. ಅದನ್ನೂ ಬರೆದೆವು.

ನೀಲಿ ಗೆರೆ ಅಳಿಸಿ ಹೊಸ ನಕ್ಷೆ ಬಂತು. ಅದರಲ್ಲಿ ಸರ್ವೆ ನಂಬರ್ ಇತ್ತು. ಹಾಳೆಗಳನ್ನು ಪಂಚಾಯಿತಿ ಸಭೆಯ ನಡಾವಳಿಗೆ ಸೇರಿಸಿ, ಸೀಲು ಹಾಕಿದ ನಕಲು ಎಲ್ಲರೂ ತೆಗೆದುಕೊಂಡೆವು. ಐದು ಮನೆಯವರು ಸಹಿ ಹಾಕಿದರು. ಇಬ್ಬರು ಒಪ್ಪಲಿಲ್ಲ. ಅವರ ಜಮೀನನ್ನು ಯೋಜನೆಯಿಂದ ಹೊರಗಿಟ್ಟೆವು, ಅವರ ಮನೆಗೆ ಮತ್ತೆ ಮತ್ತೆ ಹೋಗಿ ಒತ್ತಾಯ ಮಾಡಲಿಲ್ಲ. ಹೋದ ವರ್ಷ ಅವರಲ್ಲೊಬ್ಬರು ತಾವೇ ಬಂದು ಖಾಲಿ ಹಾಳೆ ಕೇಳಿದರು.

ಟೊಮೇಟೊ ನಷ್ಟದ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ. ಜೌಗಿನ ನೀರು ಬಸಿದುಹೋಗಲು ನನ್ನ ಬದುವಿನಿಂದ ಕೋಡಿ ಹಳ್ಳದವರೆಗೆ ಒಂದು ಬಸಿಗಾಲುವೆ ಬೇಕು. ಅದು ಇನ್ನೂ ಮೂರು ಜನರ ಹೊಲ ದಾಟಬೇಕು. ಈ ಭಾನುವಾರ ಅವರ ಪಹಣಿ ತರಲು ಹೇಳಿದ್ದೇನೆ.