ಲಿಕ್ವಿಡ್ ಕೂಲರ್ ಕಿರಿಕಿರಿ: ಪಂಪ್ ಯಾವುದು, ಫ್ಯಾನ್ ಯಾವುದು?

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ‘ಸಿಪಿಯು ಫ್ಯಾನ್ ಎರರ್’ ಎಂದು ಬಂತೆಂದರೆ ಹೊಸ ಲಿಕ್ವಿಡ್ ಕೂಲರ್ (ದ್ರವ ಹರಿಸಿ ಸಿಪಿಯುವನ್ನು ತಣ್ಣಗಿಡುವ ಸಾಧನ) ಕೆಟ್ಟೇ ಹೋಯಿತೆಂದು ಗಾಬರಿಯಾಗಬೇಕಿಲ್ಲ. ‘ಸಿಪಿಯು ಫ್ಯಾನ್’ ಎಂದು ಬರೆದಿರುವ ಹೆಡರ್‌ನಿಂದ (ವೈರ್ ಸಿಕ್ಕಿಸುವ ಪಿನ್‌ಗಳ ಜಾಗ) ವೇಗದ ಸಿಗ್ನಲ್ ಬರುತ್ತಿಲ್ಲ ಎಂದಷ್ಟೇ ಮದರ್‌ಬೋರ್ಡ್ ಹೇಳುತ್ತಿದೆ. ಬಹಳಷ್ಟು ಸಲ ವೈರನ್ನು ಬೇರೆ ಹೆಡರ್‌ಗೆ ಸಿಕ್ಕಿಸಿ, ಇದನ್ನು ಖಾಲಿ ಬಿಟ್ಟಿರುತ್ತಾರೆ. ದ್ರವದ ಬಿಸಿಯನ್ನು ಹೊರಬಿಡುವ ರೇಡಿಯೇಟರಿನ ಫ್ಯಾನ್‌ಗಳನ್ನು ಇಲ್ಲಿಗೆ ಕೊಟ್ಟು, ದ್ರವವನ್ನು ಹರಿಸುವ ಪಂಪಿನ ವೈರನ್ನು ‘ಎಐಒ ಪಂಪ್’ (ಎಐಒ ಅಂದರೆ ಆಲ್ ಇನ್ ಒನ್ ಕೂಲರ್) ಹೆಡರ್‌ಗೆ ಹಾಕಿದರೆ ಸಾಮಾನ್ಯವಾಗಿ ಆ ಸಂದೇಶ ಮಾಯ.

ಮುಂದಿನ ಹೆಜ್ಜೆ ಬಯೋಸ್, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಗಳು. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ಹಾರ್ಡ್‌ವೇರ್ ಮಾನಿಟರ್ ಪುಟ ತೆರೆಯಿರಿ. ಯಾವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಪಂಪಿನದು, ಯಾವುದು ಫ್ಯಾನಿನದು ಎಂದು ಮೊದಲು ಗುರುತಿಸಿಕೊಳ್ಳಿ. ಇದನ್ನು ಮಾಡದೆ ಸೆಟ್ಟಿಂಗ್ ಬದಲಿಸಲು ಹೊರಟವರೇ ಹೆಚ್ಚು ಒದ್ದಾಡುವುದು. ಪಂಪ್ ಪೂರ್ಣ ವೇಗದಲ್ಲಿದ್ದಾಗ ಹೆಚ್ಚಿನ ಮಾಡೆಲ್‌ಗಳಲ್ಲಿ 2,000ದಿಂದ 3,000ದ ಆಸುಪಾಸು ತೋರಿಸುತ್ತದೆ. ಕೆಲಸವಿಲ್ಲದಾಗ ಫ್ಯಾನ್ ಅದಕ್ಕಿಂತ ಬಹಳ ಕೆಳಗಿರುತ್ತದೆ. ಮೂರು ಫ್ಯಾನ್‌ಗಳನ್ನು ಒಂದೇ ಸ್ಪ್ಲಿಟರ್‌ಗೆ (ಒಂದು ಹೆಡರನ್ನು ಹಲವು ಫ್ಯಾನ್‌ಗಳಿಗೆ ಹಂಚುವ ವೈರ್) ಕೊಟ್ಟಿದ್ದರೆ ಬೋರ್ಡ್‌ಗೆ ಒಂದರ ವೇಗ ಮಾತ್ರ ತಿಳಿಯುತ್ತದೆ. ಉಳಿದೆರಡು ತಿರುಗುತ್ತಿವೆಯೇ ಎಂಬುದನ್ನು ಕಣ್ಣಿಂದಲೇ ನೋಡಬೇಕು.

ಈಗ ಅಸಲಿ ವಿಷಯ, ಮೋಡ್. ನಾಲ್ಕು ಪಿನ್‌ನ ಪಂಪ್, ಫ್ಯಾನ್‌ಗಳಿಗೆ 12 ವೋಲ್ಟ್ ಸದಾ ಸಿಗುತ್ತಿರುತ್ತದೆ. ಎಷ್ಟು ವೇಗ ಬೇಕೆಂಬ ಆಜ್ಞೆ ನಾಲ್ಕನೇ ತಂತಿಯಲ್ಲಿ ಬರುತ್ತದೆ. ಇದು ಪಿಡಬ್ಲ್ಯುಎಂ. ಮೂರು ಪಿನ್‌ನವಕ್ಕೆ ಆ ತಂತಿಯೇ ಇಲ್ಲ, ಹಾಗಾಗಿ ವೋಲ್ಟೇಜ್ ತಗ್ಗಿಸಿಯೇ ವೇಗ ಇಳಿಸಬೇಕು. ಇದು ಡಿಸಿ ಮೋಡ್. ಮೂರು ಪಿನ್ ಫ್ಯಾನನ್ನು ಪಿಡಬ್ಲ್ಯುಎಂನಲ್ಲಿಟ್ಟರೆ ಅದು ಹಗಲೂ ರಾತ್ರಿ ಪೂರ್ಣ ವೇಗದಲ್ಲಿ ಕೂಗುತ್ತಲೇ ಇರುತ್ತದೆ. ತಿರುವುಮುರುವಾದರೆ ಇನ್ನೂ ಕಷ್ಟ: ಪಿಡಬ್ಲ್ಯುಎಂ ಪಂಪಿಗೆ ಡಿಸಿ ಮೋಡ್ ಕೊಟ್ಟಾಗ ವೋಲ್ಟೇಜ್ ಕುಸಿದು ಪಂಪ್ ತಡವರಿಸಬಹುದು, ನಿಂತೂ ಹೋಗಬಹುದು. ‘ಆಟೋ’ ಆಯ್ಕೆಯನ್ನು ನಂಬಿ ಕೂರದೆ ನೀವೇ ಆರಿಸಿ.

ಪಂಪಿಗೆ ಸಾಟಾ ಪವರ್ ವೈರ್ (ಪವರ್ ಸಪ್ಲೈಯಿಂದ ನೇರವಾಗಿ ವಿದ್ಯುತ್ ತರುವ ವೈರ್) ಇದ್ದರೆ ಕಥೆ ಬೇರೆ. ಅಂಥ ಹಲವು ಪಂಪ್‌ಗಳಲ್ಲಿ ಬೋರ್ಡ್‌ಗೆ ಹೋಗುವ ತೆಳು ವೈರ್ ವೇಗವನ್ನು ವರದಿ ಮಾಡಲಷ್ಟೇ ಇರುತ್ತದೆ. ನಿಯಂತ್ರಣ ಯುಎಸ್‌ಬಿ ಮೂಲಕ, ಕಂಪನಿಯ ಸಾಫ್ಟ್‌ವೇರ್‌ನಲ್ಲಿ. ಬಯೋಸ್‌ನಲ್ಲಿ ಎಷ್ಟು ತಿದ್ದಿದರೂ ಪಂಪ್ ಜಗ್ಗುವುದಿಲ್ಲ.

ಪಂಪನ್ನು 100 ಶೇಕಡಾಕ್ಕೆ ಇಟ್ಟು ಮರೆತುಬಿಡುವುದು ಒಳ್ಳೆಯದು. ಸದ್ದು ಸಹಿಸಲಾಗದಿದ್ದರೆ ಸ್ವಲ್ಪ ಇಳಿಸಿ, ಆದರೆ ಒಂದೇ ಮಟ್ಟದಲ್ಲಿ ನಿಲ್ಲಿಸಿ. ಏರಿಳಿತವೆಲ್ಲ ಫ್ಯಾನ್‌ಗಳ ಪಾಲಿಗಿರಲಿ. ಬ್ರೌಸರ್ ತೆರೆದರೂ ಸಿಪಿಯು ಬಿಸಿ ಕ್ಷಣದಲ್ಲಿ ಜಿಗಿದು ಇಳಿಯುತ್ತದೆ, ಅದರ ಹಿಂದೆ ಫ್ಯಾನೂ ಭರ್ರೆಂದು ಏರಿ ಇಳಿಯುತ್ತದೆ. ಕೊಳವೆಯೊಳಗಿನ ದ್ರವ ಬಿಸಿಯಾಗಲು ನಿಮಿಷಗಳೇ ಬೇಕು. ಆದ್ದರಿಂದ ಸೌಲಭ್ಯವಿದ್ದರೆ ಫ್ಯಾನ್ ಕರ್ವ್ ಅನ್ನು (ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆ) ದ್ರವದ ತಾಪಮಾನಕ್ಕೆ ಜೋಡಿಸಿ. ಇಲ್ಲವಾದರೆ ಬಯೋಸ್‌ನ ‘ಸ್ಟೆಪ್ ಅಪ್’ (ಫ್ಯಾನ್ ವೇಗ ಏರಲು ತೆಗೆದುಕೊಳ್ಳುವ) ಸಮಯವನ್ನು ಕೆಲವು ಸೆಕೆಂಡು ಹೆಚ್ಚಿಸಿ. ಎರಡು ಫ್ಯಾನ್ ಸಾಫ್ಟ್‌ವೇರ್‌ಗಳು ಒಟ್ಟಿಗೆ ಓಡುತ್ತಿದ್ದರೆ ಒಂದನ್ನು ತೆಗೆದುಹಾಕಿ. ಒಂದು ಕೊಟ್ಟ ಆಜ್ಞೆಯನ್ನು ಇನ್ನೊಂದು ಅಳಿಸುತ್ತಿರುತ್ತದೆ.

ಬುಳುಬುಳು ಸದ್ದು ಬರುತ್ತಿದ್ದರೆ ಪಂಪಿನೊಳಗೆ ಗಾಳಿ ಸೇರಿದೆ ಎಂದರ್ಥ. ಗಾಳಿ ಎತ್ತರದ ಜಾಗ ಹುಡುಕುತ್ತದೆ, ಹಾಗಾಗಿ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಕ್ಯಾಬಿನೆಟ್ಟನ್ನು ಅತ್ತಿತ್ತ ನಿಧಾನವಾಗಿ ವಾಲಿಸಿದರೂ ಸಿಕ್ಕಿಕೊಂಡ ಗುಳ್ಳೆ ಸರಿದು ಹೋಗುವುದುಂಟು.

ಇಷ್ಟೆಲ್ಲ ಆದ ಮೇಲೂ ಸುಮ್ಮನಿರುವ ಸಿಪಿಯು 90 ಡಿಗ್ರಿಯತ್ತ ಏರುತ್ತಿದ್ದರೆ ಎರಡೂ ಕೊಳವೆಗಳನ್ನು ಮುಟ್ಟಿ ನೋಡಿ. ಸರಿಯಾಗಿ ಹರಿಯುತ್ತಿದ್ದರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ. ಒಂದು ಸುಡುತ್ತ, ಇನ್ನೊಂದು ತಣ್ಣಗಿದ್ದರೆ, ಆರ್‌ಪಿಎಂ ಎಷ್ಟೇ ತೋರಿಸಲಿ, ದ್ರವ ಹರಿಯುತ್ತಿಲ್ಲ. ಎರಡೂ ತಣ್ಣಗಿದ್ದರೆ ಸಿಪಿಯು ಮೇಲೆ ಕೂರುವ ತಾಮ್ರದ ತಟ್ಟೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ, ಸ್ಕ್ರೂಗಳು ಬಿಗಿಯಾಗಿವೆಯೇ ಎಂದೂ ನೋಡಿ. ಹರಿವೇ ನಿಂತಿದ್ದರೆ ಕಂಪ್ಯೂಟರ್ ಆಫ್ ಮಾಡಿ, ವಾರಂಟಿ ಕಾಗದ ಹುಡುಕಿ. ಸೀಲ್ ಮಾಡಿದ ಕೂಲರನ್ನು ನೀವೇ ಬಿಚ್ಚಿದರೆ ಆ ಕಾಗದಕ್ಕೂ ಬೆಲೆ ಇರುವುದಿಲ್ಲ.