ಎಲೆಕ್ಟ್ರಾನಿಕ್ಸ್ ಕೋರ್ಸಿಗೆ ‘ಎ-ಜಿ’ ಮಾನ್ಯತೆ ಪಡೆದ ಬಗೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸಾರ್ವಜನಿಕ ಹೈಸ್ಕೂಲೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಲು ಸೇರಿದ ಮೊದಲ ವರ್ಷವೇ, ತರಗತಿಯಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಬೆಸುಗೆ ಹಾಕುತ್ತಿದ್ದ ಹುಡುಗಿಯೊಬ್ಬಳು ಮರುವರ್ಷ ಈ ವಿಷಯವನ್ನು ಬಿಡುವುದಾಗಿ ಹೇಳಿದಳು. ಕೋರ್ಸು ‘ಎ-ಜಿ’ಯಲ್ಲಿ, ಅಂದರೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಪರಿಗಣಿಸುವ ಹೈಸ್ಕೂಲ್ ಕೋರ್ಸುಗಳ ಪಟ್ಟಿಯಲ್ಲಿ, ಇಲ್ಲದ ಕಾರಣ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಿದ್ದ ನನಗೆ, ಕೈಕೆಲಸದ ಕಲಿಕೆಯೇ ಮುಂದಿನ ಓದಿಗೆ ಅಡ್ಡಿಯಾಗುವುದನ್ನು ಒಪ್ಪಿಕೊಳ್ಳಲಾಗಲಿಲ್ಲ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಎರಡೂ ‘ಎ’ಯಿಂದ ‘ಜಿ’ವರೆಗಿನ ಏಳು ವಿಷಯಗುಂಪುಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸುಗಳನ್ನು ಕನಿಷ್ಠ ‘ಸಿ’ ಗ್ರೇಡಿನಲ್ಲಿ ಮುಗಿಸಿರಬೇಕೆಂದು ಕೇಳುತ್ತವೆ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷೇತರ ಭಾಷೆ 2, ಕಲೆ 1, ಕೊನೆಯ ‘ಜಿ’ಯಲ್ಲಿ ಐಚ್ಛಿಕ ವಿಷಯ 1. ವಿಜ್ಞಾನದ ‘ಡಿ’ ಗುಂಪಿಗೆ ತರಗತಿಯ ಸಮಯದಲ್ಲಿ ಕನಿಷ್ಠ ಶೇ. 20ರಷ್ಟು ಪ್ರಯೋಗಕ್ಕೆ ಮೀಸಲಿರಬೇಕು. ನಮ್ಮಲ್ಲಿ ಪ್ರಯೋಗಕ್ಕೆ ಕೊರತೆಯಿರಲಿಲ್ಲ. ಆದರೆ ಭೌತವಿಜ್ಞಾನದ ತತ್ವಗಳನ್ನು ನಾವು ಅಷ್ಟು ಆಳವಾಗಿ ಓದಿಸುತ್ತಿರಲಿಲ್ಲವಾದ್ದರಿಂದ ‘ಜಿ’ ಗುಂಪನ್ನೇ ಆರಿಸಿಕೊಂಡೆ. ಈ ಪ್ರಾಮಾಣಿಕ ಆಯ್ಕೆಯಿಂದ ಮುಂದಿನ ಕೆಲಸ ಹಗುರವಾಯಿತೆಂದೇ ನನ್ನ ನಂಬಿಕೆ.

ಮಾನ್ಯತೆಗಾಗಿ ಸಲ್ಲಿಸಿದ ನನ್ನ ಮೊದಲ ಪಠ್ಯವಿವರ ತಿರಸ್ಕೃತವಾಯಿತು, ಮತ್ತು ಅದು ನ್ಯಾಯವೇ ಆಗಿತ್ತು. ಉಪಕರಣಗಳ ಹೆಸರುಗಳನ್ನು ಸಾಲಾಗಿ ಬರೆದು, “ವಿದ್ಯಾರ್ಥಿಗಳು ಮಲ್ಟಿಮೀಟರ್ ಬಳಸಲು ಕಲಿಯುತ್ತಾರೆ” ಎಂಬಂಥ ವಾಕ್ಯಗಳಿಂದ ಪುಟ ತುಂಬಿಸಿದ್ದೆ. ಪರಿಶೀಲಿಸುವವರಿಗೆ ಬೇಕಾದದ್ದು ವಿದ್ಯಾರ್ಥಿ ಏನನ್ನು ಹಿಡಿಯುತ್ತಾನೆ ಎಂಬುದಲ್ಲ, ಏನನ್ನು ಯೋಚಿಸಿ, ಲೆಕ್ಕ ಹಾಕಿ, ಬರೆದು ತೋರಿಸುತ್ತಾನೆ ಎಂಬುದು. ಅದೇ ಘಟಕವನ್ನು ಹೀಗೆ ತಿದ್ದಿದೆ: ವಿದ್ಯಾರ್ಥಿಯು 9 ವೋಲ್ಟ್ ಬ್ಯಾಟರಿಗೆ ಮೂರು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಪ್ರತಿಯೊಂದರಲ್ಲೂ ಇಳಿಯುವ ವೋಲ್ಟೇಜನ್ನು ಓಮ್‌ನ ನಿಯಮದಿಂದ ಮೊದಲೇ ಲೆಕ್ಕ ಹಾಕಿ, ಅನಂತರ ಅಳೆದು, ಎರಡೂ ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ರೆಸಿಸ್ಟರಿನ ಶೇ. 5ರ ಟಾಲರೆನ್ಸ್ (ನಮೂದಿಸಿದ ಮೌಲ್ಯದಿಂದ ಆಚೀಚೆ ಇರಬಹುದಾದ ವ್ಯತ್ಯಾಸ) ಸಾಕಷ್ಟು ಕಾರಣವಾಗುತ್ತದೆಯೇ ಎಂದು ಎರಡು ಪುಟಗಳ ವರದಿಯಲ್ಲಿ ವಾದಿಸುತ್ತಾನೆ. ತರಗತಿಯಲ್ಲಿ ನಾವು ಮಾಡುತ್ತಿದ್ದುದು ಇದನ್ನೇ, ವರದಿಯೊಂದನ್ನು ಬಿಟ್ಟು. ಅರ್ಜಿಗಾಗಿ ಸೇರಿಸಿದ ಆ ವರದಿ ಪಾಠವನ್ನೇ ಸುಧಾರಿಸಿತು. ತಂತಿ ಸರಿಯಾಗಿ ಜೋಡಿಸಿದವರೆಲ್ಲ ವಿಷಯವನ್ನು ಅರ್ಥ ಮಾಡಿಕೊಂಡಿರಲಿಲ್ಲವೆಂಬುದು ನನಗೆ ತಿಳಿದದ್ದು ಆ ವರದಿಗಳನ್ನು ಓದಿದಾಗಲೇ.

ಪ್ರತಿಯೊಂದು ಘಟಕಕ್ಕೂ ಇಂಥ ಒಂದು ಪ್ರಮುಖ ಅಭ್ಯಾಸವನ್ನು ವಿವರಿಸಲು ಇಡೀ ಬೇಸಿಗೆ ರಜೆ ಹಿಡಿಯಿತು. ಇಂಗ್ಲಿಷ್ ವಿಭಾಗದ ಸಹೋದ್ಯೋಗಿಯೊಬ್ಬರು ಕರಡನ್ನು ಮೂರು ಬಾರಿ ಓದಿ, ಎಲ್ಲೆಲ್ಲಿ “ಕಲಿಯುತ್ತಾರೆ” ಎಂದಿದೆಯೋ ಅಲ್ಲೆಲ್ಲ “ಹೇಗೆ ತೋರಿಸುತ್ತಾರೆ?” ಎಂದು ಅಂಚಿನಲ್ಲಿ ಬರೆದುಕೊಟ್ಟರು. ಎರಡನೆಯ ಸಲ ಸಲ್ಲಿಸಿದಾಗ ಒಪ್ಪಿಗೆ ಸಿಕ್ಕಿತು.

ಆದರೂ ಒಂದು ಕೆಲಸ ಉಳಿದಿತ್ತು. ನಮ್ಮ ಶಾಲೆಯ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಕೋರ್ಸಿನ ಹಳೆಯ ಹೆಸರೇ ಮುದ್ರಣವಾಗುತ್ತಿತ್ತು, ಒಪ್ಪಿಗೆ ಸಿಕ್ಕಿದ್ದು ಹೊಸ ಹೆಸರಿಗೆ. ಎರಡೂ ಹೊಂದದಿದ್ದರೆ ಮಕ್ಕಳ ಅರ್ಜಿಯಲ್ಲಿ ಗೊಂದಲವಾಗುತ್ತದೆಂದು, ಶಾಲೆ ತೆರೆಯುವ ಮುನ್ನವೇ ಕಚೇರಿಯಲ್ಲಿ ಕುಳಿತು ಅದನ್ನು ಅಕ್ಷರಕ್ಕಕ್ಷರ ಸರಿಪಡಿಸಿಕೊಂಡು ಬಂದೆ.