ಬ್ರಿಟನ್ನಿನಲ್ಲಿ ಹೆಲ್ತ್ ಅಂಡ್ ಸೋಷಿಯಲ್ ಕೇರ್ ಪಿಎಚ್‌ಡಿ: ಅರ್ಜಿ ಹಾಕುವ ಮೊದಲು

ಊರಲ್ಲಿ ಪಿಎಚ್‌ಡಿ ಅಂದರೆ ಮೊದಲು ಪ್ರವೇಶ ಪರೀಕ್ಷೆ, ಸಂದರ್ಶನ, ಆಮೇಲೆ ಗೈಡ್. ಬ್ರಿಟನ್ನಿನಲ್ಲಿ ಈ ಕ್ರಮ ತಲೆಕೆಳಗು. ಪ್ರವೇಶ ಪರೀಕ್ಷೆ ಇಲ್ಲ. ನಿಮ್ಮ ವಿಷಯ ಬಲ್ಲ ಸೂಪರ್‌ವೈಸರ್‌ರನ್ನು ನೀವೇ ಹುಡುಕಿ, ಪುಟ್ಟದೊಂದು ರಿಸರ್ಚ್ ಪ್ರಪೋಸಲ್ ಬರೆದು ಕಳಿಸಬೇಕು. ಅವರು ಹೂಂ ಅಂದ ಮೇಲೆ ಯೂನಿವರ್ಸಿಟಿಯ ಅರ್ಜಿ. ದುಡ್ಡಿನ ಸಮೇತ ಬರುವ ಸೀಟುಗಳ ಜಾಹೀರಾತು ಬೇರೆ ಇರುತ್ತದೆ. ಫೈಂಡ್‌ಎಪಿಎಚ್‌ಡಿ, ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ನೋಡುತ್ತಿರಿ.

ಐವತ್ತು ಪ್ರೊಫೆಸರ್‌ಗಳಿಗೆ ಒಂದೇ ಇಮೇಲ್ ಕಳಿಸಿದರೆ ಯಾರೂ ಉತ್ತರ ಕೊಡುವುದಿಲ್ಲ. ಅವರ ಒಂದೆರಡು ಪೇಪರ್ ಓದಿ, ನಿಮ್ಮ ಪ್ರಶ್ನೆ ಅದಕ್ಕೆ ಎಲ್ಲಿ ತಾಗುತ್ತದೆ ಅಂತ ನಾಲ್ಕು ಸಾಲಿನಲ್ಲಿ ಹೇಳಿ. ‘ರೆಸ್ಪೆಕ್ಟೆಡ್ ಸರ್’ ಬೇಕಿಲ್ಲ. ಆಮೇಲೆ ಅವರನ್ನು ಹೆಸರು ಹಿಡಿದೇ ಕರೆಯಬೇಕಾಗುತ್ತದೆ. ನಮ್ಮ ನಾಲಿಗೆಗೆ ರೂಢಿಯಾಗಲು ಸ್ವಲ್ಪ ಟೈಮ್ ಬೇಕು, ಅಷ್ಟೇ.

ವಿಷಯ ಆರಿಸುವಾಗ ಒಂದು ಸಂಗತಿ ತಲೆಯಲ್ಲಿರಲಿ. ಇಲ್ಲಿ ಹೆಲ್ತ್ ಬೇರೆ, ಸೋಷಿಯಲ್ ಕೇರ್ ಬೇರೆ. 1948ರಲ್ಲಿ ಶುರುವಾದ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇಲ್ಲಿನ ನಿವಾಸಿಗಳಿಗೆ ಚಿಕಿತ್ಸೆ ಕೊಟ್ಟು ಸಾಮಾನ್ಯವಾಗಿ ಬಿಲ್ ಕಳಿಸುವುದಿಲ್ಲ. ಆದರೆ ಅಜ್ಜಿಗೆ ಸ್ನಾನ ಮಾಡಿಸಲು ಮನೆಗೆ ಬರುವವರು, ಕೇರ್ ಹೋಮ್, ಇವೆಲ್ಲ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ ಸೇರಿದ್ದು. ಅಲ್ಲಿ ಆಸ್ತಿ, ಉಳಿತಾಯ ಎಲ್ಲ ಲೆಕ್ಕ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಪೂರ್ತಿ ಖರ್ಚು ಆರೈಕೆ ಪಡೆಯುವವರದೇ. ಸ್ಕಾಟ್ಲೆಂಡಿನಲ್ಲಿ 2002ರಿಂದ ವಯಸ್ಸಾದವರಿಗೆ ಪರ್ಸನಲ್ ಕೇರ್ ಉಚಿತ. ಉತ್ತರ ಐರ್ಲೆಂಡಿನಲ್ಲಿ 1973ರಿಂದಲೂ ಹೆಲ್ತ್, ಸೋಷಿಯಲ್ ಕೇರ್ ಎರಡಕ್ಕೂ ಒಂದೇ ಆಡಳಿತ. ಹಾಗಾಗಿ ಪ್ರಪೋಸಲ್‌ನಲ್ಲಿ ಸುಮ್ನೆ ‘ಯುಕೆಯಲ್ಲಿ ಹಿರಿಯರ ಆರೈಕೆ’ ಅಂತ ಬರೆದರೆ, ಯುಕೆಯಲ್ಲಿ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆಗಳು ಸಿಗುವುದು ಈ ಎರಡರ ನಡುವಿನ ಸಂದಿಯಲ್ಲಿ. ಡಿಸ್ಚಾರ್ಜ್‌ಗೆ ತಯಾರಿರುವ ರೋಗಿ, ಮನೆಯಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಆಗಿಲ್ಲ ಅಂತ ದಿನಗಟ್ಟಲೆ ವಾರ್ಡಿನಲ್ಲೇ ಉಳಿಯುತ್ತಾರಲ್ಲ, ಅಂಥವು.

ಪಿಎಚ್‌ಡಿ ಫುಲ್‌ಟೈಮ್ ಆದರೆ ಮೂರು-ನಾಲ್ಕು ವರ್ಷ, ಪಾರ್ಟ್‌ಟೈಮ್ ಆದರೆ ಅದರ ಎರಡರಷ್ಟು. ಬಹಳ ಕಡೆ ಮೊದಲು ಎಂಫಿಲ್‌ಗೆ ಸೇರಿಸಿಕೊಂಡು, ಒಂದು-ಒಂದೂವರೆ ವರ್ಷಕ್ಕೆ ಅಪ್‌ಗ್ರೇಡ್ ಪರೀಕ್ಷೆ ದಾಟಿದ ಮೇಲೆ ಪಿಎಚ್‌ಡಿಗೆ ಬಡ್ತಿ ಕೊಡುತ್ತಾರೆ. ಇನ್ನೊಂದು ದಾರಿ ಪ್ರೊಫೆಷನಲ್ ಡಾಕ್ಟರೇಟ್. ಇದು ನರ್ಸ್, ಫಿಸಿಯೋ, ಸೋಷಿಯಲ್ ವರ್ಕರ್‌ಗಳಂಥವರಿಗೆ. ಮೊದಲು ಕ್ಲಾಸು, ಅಸೈನ್‌ಮೆಂಟು. ಆಮೇಲೆ ನಿಮ್ಮ ಕೆಲಸದ ಜಾಗದ್ದೇ ಒಂದು ಸಮಸ್ಯೆ ಹಿಡಿದು ಸ್ವಲ್ಪ ಚಿಕ್ಕ ಥೀಸಿಸ್. ಡಾಕ್ಟರ್ ಅನ್ನುವ ಬಿರುದು ಎರಡರಲ್ಲೂ ಸಿಗುತ್ತದೆ. ಈಗಾಗಲೇ ವಾರ್ಡಿನಲ್ಲೋ ಕೇರ್ ಹೋಮಿನಲ್ಲೋ ಇರುವವರು ಕೆಲಸ ಬಿಡದೆ ಪಾರ್ಟ್‌ಟೈಮ್ ಮಾಡುವುದೇ ಮೇಲು ಅಂತ ನನ್ನ ಲೆಕ್ಕ. ಸಂಬಳ ಮಾತ್ರ ಅಲ್ಲ, ಹೊರಗಿನವರಿಗೆ ಸುಲಭಕ್ಕೆ ತೆರೆಯದ ಬಾಗಿಲ ಒಳಗೇ ನೀವಿರುತ್ತೀರಿ.

ದುಡ್ಡು. ಸಂಶೋಧನೆಗೆ ಸರ್ಕಾರದ ದುಡ್ಡು ಹಂಚುವ ಯುಕೆಆರ್‌ಐ ಸಂಸ್ಥೆಯ ಸ್ಕಾಲರ್‌ಶಿಪ್ 2025-26ಕ್ಕೆ ಕನಿಷ್ಠ 20,780 ಪೌಂಡ್ ಇತ್ತು, ತೆರಿಗೆ ಇಲ್ಲ. 2021ರಿಂದ ವಿದೇಶಿ ವಿದ್ಯಾರ್ಥಿಗಳಿಗೂ ಇದು ತೆರೆದಿದೆ, ಆದರೆ ಅವರ ಪಾಲಿಗೆ ಮಿತಿ ಇದೆ. ಆರೋಗ್ಯ, ಆರೈಕೆ ಸಂಶೋಧನೆಗೆ ದುಡ್ಡು ಕೊಡುವ ಎನ್‌ಐಎಚ್‌ಆರ್‌ನ ಡಾಕ್ಟರಲ್ ಫೆಲೋಶಿಪ್ ಸಿಕ್ಕಿದರೆ ಸಂಬಳವನ್ನೇ ಕೊಡುತ್ತಾರೆ. ಪೈಪೋಟಿಯೂ ಹಾಗೇ ಇದೆ. ಫೀಸಿನಲ್ಲಿ ನಮ್ಮವರಿಗೆ ದೊಡ್ಡ ಪೆಟ್ಟು ಬೀಳುವುದು ಹೋಮ್ ಮತ್ತು ಇಂಟರ್‌ನ್ಯಾಷನಲ್ ಅನ್ನುವ ವ್ಯತ್ಯಾಸದಲ್ಲಿ. ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಇದ್ದು ಮೂರು ವರ್ಷ ಇಲ್ಲೇ ವಾಸವಿದ್ದವರಿಗೆ ಸಾಮಾನ್ಯವಾಗಿ ಹೋಮ್ ಫೀಸ್. ವರ್ಕ್ ವೀಸಾದಲ್ಲಿರುವವರು ಎಷ್ಟೇ ಟ್ಯಾಕ್ಸ್ ಕಟ್ಟಿದ್ದರೂ ಸಾಮಾನ್ಯವಾಗಿ ಇಂಟರ್‌ನ್ಯಾಷನಲ್. ನ್ಯಾಯವೋ ಅನ್ಯಾಯವೋ, ನಿಯಮ ಅದು. ಐಎಲ್‌ಆರ್ ಹತ್ತಿರದಲ್ಲಿದ್ದರೆ ಒಂದು ವರ್ಷ ಕಾಯುವುದರಲ್ಲಿ ತಪ್ಪಿಲ್ಲ.

ಊರಿಂದಲೇ ಸ್ಟೂಡೆಂಟ್ ವೀಸಾದಲ್ಲಿ ಬರುವವರಿಗೆ ಒಂದು ಅನುಕೂಲ ಉಳಿದಿದೆ. 2024ರ ಜನವರಿಯಿಂದ ಮಾಮೂಲಿ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. ಫುಲ್‌ಟೈಮ್ ಪಿಎಚ್‌ಡಿಯವರು ಕರೆತರಬಹುದು. ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ. ಪಿಎಚ್‌ಡಿಯವರಿಗೆ ಬೇಸಿಗೆ ರಜೆ ಅಂತ ಇಲ್ಲ, ಆದ್ದರಿಂದ ಬೇಸಿಗೆಯಲ್ಲೂ ಅದೇ ಮಿತಿ.

ಈ ವಿಷಯದಲ್ಲಿ ಅತಿ ಹೆಚ್ಚು ಟೈಮ್ ತಿನ್ನುವುದು ಎಥಿಕ್ಸ್, ಅಂದರೆ ಸಂಶೋಧನೆ ಜನರಿಗೆ ತೊಂದರೆ ಮಾಡುವುದಿಲ್ಲ ಅಂತ ತೋರಿಸಿ ಪಡೆಯುವ ಅನುಮತಿ. ಯೂನಿವರ್ಸಿಟಿಯ ಕಮಿಟಿ ಒಪ್ಪಿದರೆ ಸಾಲದು. ಎನ್‌ಎಚ್‌ಎಸ್ ರೋಗಿಗಳನ್ನು ಮಾತಾಡಿಸಬೇಕಾದರೆ ಐರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಉದ್ದದ ಅರ್ಜಿ ತುಂಬಬೇಕು. ಅದು ಎನ್‌ಎಚ್‌ಎಸ್‌ನ ಎಥಿಕ್ಸ್ ಕಮಿಟಿಗೆ ಹೋಗುತ್ತದೆ. ನೀವೇ ಕಮಿಟಿ ಮುಂದೆ ಕೂತು ಉತ್ತರ ಕೊಡಬೇಕಾಗಬಹುದು. ಬರೀ ಸಿಬ್ಬಂದಿಯನ್ನು ಸಂದರ್ಶನ ಮಾಡುವುದಾದರೆ ಸಾಮಾನ್ಯವಾಗಿ ಆ ಕಮಿಟಿ ತಪ್ಪುತ್ತದೆ, ಹೆಲ್ತ್ ರಿಸರ್ಚ್ ಅಥಾರಿಟಿಯ ಒಪ್ಪಿಗೆ ತಪ್ಪುವುದಿಲ್ಲ. ಡಿಮೆನ್ಷಿಯಾದಂಥ ಕಾಯಿಲೆಯಿಂದ ಸ್ವತಃ ಒಪ್ಪಿಗೆ ಕೊಡಲಾಗದವರು ನಿಮ್ಮ ಅಧ್ಯಯನದಲ್ಲಿದ್ದರೆ, ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆಕ್ಟ್ ಅನ್ನುವ ಕಾನೂನು ಬರುತ್ತದೆ. ಆಗ ಅವರು ಕೇರ್ ಹೋಮಿನಲ್ಲಿದ್ದರೂ ಯೂನಿವರ್ಸಿಟಿ ಕಮಿಟಿ ಸಾಲುವುದಿಲ್ಲ. ಮಗಳು ಸಹಿ ಹಾಕಿದರೆ ಆಯ್ತಲ್ಲ ಅನ್ನುವ ನಮ್ಮೂರಿನ ವಾಡಿಕೆ ಅಲ್ಲಿ ನಡೆಯದು. ಮನೆಯವರ ಸಲಹೆ ಕೇಳಬೇಕು, ಆದರೆ ಅದನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತಲೇ ಪ್ಲಾನ್ ಹಾಕಿ.

ಇಲ್ಲಿನ ಕನ್ನಡ ಹಿರಿಯರ ಬಗ್ಗೆ ಕೆಲಸ ಮಾಡುವ ಆಸೆ ಇದ್ದರೆ ಧೈರ್ಯವಾಗಿ ಪ್ರಪೋಸಲ್‌ನಲ್ಲಿ ಬರೆಯಿರಿ. ಕನ್ನಡದಲ್ಲಿ ಮಾತಾಡಿಸಬಲ್ಲೆ ಅನ್ನುವುದು ನಿಮ್ಮ ಬಲ. ಆದರೆ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎರಡೂ ಭಾಷೆಯಲ್ಲಿ ಬೇಕು, ಅದರ ಖರ್ಚನ್ನು ಮೊದಲೇ ಬಜೆಟ್‌ಗೆ ಸೇರಿಸಿ. ಪ್ರಶ್ನೆಗಳನ್ನು ಅಂಥ ನಾಲ್ಕು ಹಿರಿಯರ ಜೊತೆ ಕೂತು ಮೊದಲೇ ಚರ್ಚಿಸಿರಬೇಕು. ದುಡ್ಡು ಕೊಡುವವರು ಇದನ್ನು ಗಂಭೀರವಾಗಿ ನೋಡುತ್ತಾರೆ. ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಪರಿಚಯದವರನ್ನೇ ಸೇರಿಸಿಕೊಂಡರೆ, ಅವರು ಮುಲಾಜಿಗೆ ಹೂಂ ಅಂದರಾ ಅಂತ ಕಮಿಟಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅಲ್ವಾ?

ಕೊನೆಗೆ ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ. ಊರಿನ ಹಾಗೆ ತುಂಬಿದ ಸಭೆ ಇರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ ಇಬ್ಬರು ಪರೀಕ್ಷಕರು, ಒಂದೆರಡು ಗಂಟೆ ಅಥವಾ ಇನ್ನೂ ಜಾಸ್ತಿ. ಸೂಪರ್‌ವೈಸರ್ ಕೂತರೂ ಬಾಯಿ ಬಿಡುವಂತಿಲ್ಲ. ‘ಮೈನರ್ ಕರೆಕ್ಷನ್ಸ್’ ಅಂದರೆ ಪಾಸಾದ ಹಾಗೇ, ತಿದ್ದಲು ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಸ್ಟೂಡೆಂಟ್ ವೀಸಾದವರು ಆ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀವು ಮುಗಿಸಿದ್ದೀರಿ ಅಂತ ಯೂನಿವರ್ಸಿಟಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸಿದ ಮೇಲೆಯೇ, ಓದು ಮುಗಿದವರು ಇಲ್ಲಿ ಕೆಲಸ ಮಾಡಲು ಸಿಗುವ ಮೂರು ವರ್ಷದ ಗ್ರಾಜುಯೇಟ್ ವೀಸಾಗೆ ಅರ್ಜಿ ಹಾಕಲು ಸಾಧ್ಯ. ಅದನ್ನೂ ಹಳೆಯ ವೀಸಾ ಮುಗಿಯುವ ಮೊದಲು, ಈ ದೇಶದಲ್ಲಿದ್ದುಕೊಂಡೇ ಹಾಕಬೇಕು.